ಎದುರಾಳಿಯ ಕಡತ, ತಿಮಿಂಗಿಲದ ಹಾಡು

1973ರ ಸುಮಾರಿಗೆ ಅಮೆರಿಕದ ಎಡಪಂಥೀಯ ವಾರಪತ್ರಿಕೆಯೊಂದರ ಅಂಕಣಕಾರ ತನಗೆ ರುಚಿಸದ ಒಂದು ಲೇಖನವನ್ನು ಗೇಲಿ ಮಾಡಿ ಬರೆದ. ಗೇಲಿಗೆ ಗುರಿಯಾಗಿದ್ದು ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತರುಣ ತತ್ತ್ವಶಾಸ್ತ್ರಜ್ಞ. ಪ್ರಾಣಿಗಳಿಗೂ ವಿಮೋಚನೆ ಬೇಕು ಎಂದು ಆತ ಆ ವರ್ಷದ ಏಪ್ರಿಲ್‌ನಲ್ಲಿ 'ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್' ಪತ್ರಿಕೆಯಲ್ಲಿ ಬರೆದಿದ್ದ. ಅಂಕಣ ಓದಿದವರಲ್ಲಿ ಬಹಳ ಮಂದಿ ನಕ್ಕು ಪುಟ ತಿರುಗಿಸಿರಬೇಕು. ಹೆನ್ರಿ ಸ್ಪೈರಾ ಎಂಬ ಶಾಲಾ ಮಾಸ್ತರು ಮಾತ್ರ ಮೂಲ ಲೇಖನವನ್ನು ಹುಡುಕಿಕೊಂಡು ಹೋದರು.

ಸ್ಪೈರಾ ಹುಟ್ಟಿದ್ದು 1927ರಲ್ಲಿ, ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ. ಹಡಗಿನಲ್ಲಿ ದುಡಿದವರು, ಕಾರು ಕಾರ್ಖಾನೆಯಲ್ಲಿ ಬೆವರು ಸುರಿಸಿದವರು, ಕರಿಯರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಓಡಾಡಿದವರು, ಕೊನೆಗೆ ನ್ಯೂಯಾರ್ಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದವರು. ಯಾರೋ ಸ್ನೇಹಿತರು ಒಂದು ಬೆಕ್ಕನ್ನು ಅವರ ಮನೆಯಲ್ಲಿ ಬಿಟ್ಟುಹೋಗಿದ್ದರು. ಒಂದು ಪ್ರಾಣಿಯನ್ನು ಮುದ್ದಿಸುತ್ತ ಇನ್ನೊಂದಕ್ಕೆ ಚಾಕು ಹಾಕುವುದು ಸರಿಯೇ ಎಂಬ ಪ್ರಶ್ನೆ ಅದೇ ಹೊತ್ತಿಗೆ ಅವರನ್ನು ಕಾಡಲು ಶುರುವಾಗಿತ್ತು. 1974ರಲ್ಲಿ ಸಿಂಗರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಜೆಯ ತರಗತಿ ನಡೆಸಲು ಬಂದಾಗ ಸ್ಪೈರಾ ವಿದ್ಯಾರ್ಥಿಯಾಗಿ ಸೇರಿಕೊಂಡರು. ತರಗತಿ ಮುಗಿದ ಮೇಲೆ ಅವರು ಸಹಪಾಠಿಗಳ ಮುಂದೆ ಇಟ್ಟದ್ದು ಒಂದೇ ಪ್ರಶ್ನೆ: ಓದಿದ್ದಾಯಿತು, ಈಗೇನು ಮಾಡೋಣ?

ಮುಂದೆ ಅವರು ಮಾಡಿದ್ದೂ ಓದೇ. ಆದರೆ ಕೈಗೆತ್ತಿಕೊಂಡದ್ದು ಇನ್ನೊಂದು ತತ್ತ್ವಶಾಸ್ತ್ರದ ಗ್ರಂಥವನ್ನಲ್ಲ. ನ್ಯೂಯಾರ್ಕಿನ ಹೆಸರಾಂತ ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ, ಮಕ್ಕಳು ಡೈನೋಸಾರ್ ಅಸ್ಥಿಪಂಜರ ನೋಡಿ ಬೆರಗಾಗುವ ಅದೇ ಕಟ್ಟಡದಲ್ಲಿ, ಬೆಕ್ಕುಗಳ ಮೇಲೆ ವರ್ಷಾನುಗಟ್ಟಲೆ ಪ್ರಯೋಗ ನಡೆದಿತ್ತು. ಬೆಕ್ಕುಗಳ ಇಂದ್ರಿಯಗಳನ್ನು ಒಂದೊಂದಾಗಿ ಕೆಡಿಸಿ, ಮಿದುಳಿನ ಭಾಗಗಳಿಗೆ ಗಾಯ ಮಾಡಿ, ಅವುಗಳ ಲೈಂಗಿಕ ವರ್ತನೆ ಹೇಗೆ ಬದಲಾಗುತ್ತದೆ ಎಂದು ನೋಡುವ ಸಂಶೋಧನೆ ಅದು. ಹಣ ಸರ್ಕಾರದ್ದು. ಸರ್ಕಾರದ ಹಣ ಎಂದ ಮೇಲೆ ಅರ್ಜಿ ಇರಬೇಕು, ವರದಿ ಇರಬೇಕು, ಲೆಕ್ಕಪತ್ರ ಇರಬೇಕು. ನಮ್ಮಲ್ಲಿ ಮಾಹಿತಿ ಹಕ್ಕಿನ ಕಾಯ್ದೆ ಇರುವ ಹಾಗೆ ಅಲ್ಲಿಯೂ ಒಂದು ಕಾಯ್ದೆ ಇದೆ. ಅದರಡಿ ಅರ್ಜಿ ಹಾಕಿ ಸ್ಪೈರಾ ಆ ಕಾಗದಗಳನ್ನೆಲ್ಲ ತರಿಸಿಕೊಂಡು ಸಾಲು ಬಿಡದೆ ಓದಿದರು. ಯಾವ ನರ ಕತ್ತರಿಸಿದ್ದು, ಎಷ್ಟು ಬೆಕ್ಕು, ಎಷ್ಟು ಹಣ ಎಂಬುದೆಲ್ಲ ಪ್ರಯೋಗ ಮಾಡಿದವರ ಕೈಬರಹದಲ್ಲೇ ಇತ್ತು ಎನ್ನಬಹುದು.

1976ರ ಜುಲೈಯಿಂದ ಮ್ಯೂಸಿಯಮ್ಮಿನ ಬಾಗಿಲಲ್ಲಿ ವಾರಾಂತ್ಯದ ಧರಣಿ ಶುರುವಾಯಿತು. ಆಗ ಸಂಸದರಾಗಿದ್ದ, ಮುಂದೆ ನ್ಯೂಯಾರ್ಕಿನ ಮೇಯರ್ ಆದ ಎಡ್ ಕಾಚ್ ಪ್ರಯೋಗಾಲಯವನ್ನು ಕಣ್ಣಾರೆ ನೋಡಿ ಬಂದು ಸಂಸತ್ತಿನಲ್ಲಿ ಮಾತಾಡಿದರು. ಇದಕ್ಕೆಲ್ಲ ಎಷ್ಟು ಖರ್ಚಾಗಿದೆ ಎಂದು ಕೇಳಿದಾಗ ಸಿಕ್ಕ ಉತ್ತರ, 4,35,000 ಡಾಲರ್. ಬೆಕ್ಕಿನ ನೋವಿಗೆ ಕರಗದವರೂ ಈ ಮೊತ್ತಕ್ಕೆ ಹುಬ್ಬೇರಿಸಿದರು. 1977ರ ಕೊನೆಯ ಹೊತ್ತಿಗೆ ಪ್ರಯೋಗ ನಿಂತಿತು. ಗಾಜು ಒಡೆದವರಿಲ್ಲ, ಬೀಗ ಮುರಿದವರಿಲ್ಲ.

ಪ್ರಾಣಿಗಳ ಹಕ್ಕಿಗಾಗಿ ಹೋರಾಡುವವರು ಏನು ಓದುತ್ತಾರೆ, ಏನು ನೋಡುತ್ತಾರೆ, ಏನು ಕೇಳುತ್ತಾರೆ ಎಂದು ಯಾರಾದರೂ ಕೇಳಿದರೆ ಕಣ್ಣೆದುರು ಬರುವ ಚಿತ್ರ ಗೊತ್ತೇ ಇದೆ. ಕಣ್ಣೀರು ತರಿಸುವ ಕತೆಗಳು, ಕಸಾಯಿಖಾನೆಯ ವಿಡಿಯೊ, ಕರುಣೆಯ ಭಾಷಣ. ಅವೂ ಇವೆ, ಇಲ್ಲವೆನ್ನಲಾಗದು. ಆದರೆ ಈ ಚಳವಳಿಯ ಐವತ್ತು ಅರವತ್ತು ವರ್ಷಗಳ ಗೆಲುವುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಿಜವಾಗಿ ಕೆಲಸಕ್ಕೆ ಬಂದ ಓದು ಎದುರು ಪಕ್ಷದವರದೇ ಬರವಣಿಗೆ. ಅವರ ಕಡತ, ಅವರ ಉದ್ಯಮದ ಪತ್ರಿಕೆ, ಅವರ ನ್ಯಾಯಾಲಯದ ಹೇಳಿಕೆ, ಕೊನೆಗೆ ಅವರ ನೌಕಾಪಡೆಯ ಧ್ವನಿಮುದ್ರಣ ಕೂಡ.

ಭಾರತಕ್ಕೆ ನೇರವಾಗಿ ತಾಗಿದ ಒಂದು ಪ್ರಸಂಗವಿದೆ. ಶರ್ಲಿ ಮೆಕ್‌ಗ್ರೀಲ್ ಎಂಬ ಇಂಗ್ಲಿಷ್ ಮಹಿಳೆ 1970ರ ದಶಕದ ಆರಂಭದಲ್ಲಿ ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಮರದ ಪೆಟ್ಟಿಗೆಗಳಲ್ಲಿ ತುಂಬಿಟ್ಟ ಕೋತಿಗಳನ್ನು ಕಂಡು, 1973ರಲ್ಲಿ ಇಂಟರ್‌ನ್ಯಾಷನಲ್ ಪ್ರೈಮೇಟ್ ಪ್ರೊಟೆಕ್ಷನ್ ಲೀಗ್ ಎಂಬ ಸಂಘ ಕಟ್ಟಿದರು. ಆ ಕಾಲಕ್ಕೆ ಭಾರತ ವರ್ಷಕ್ಕೆ ಸಾವಿರಾರು ಮಂಗಗಳನ್ನು ಅಮೆರಿಕದ ಪ್ರಯೋಗಾಲಯಗಳಿಗೆ ಕಳಿಸುತ್ತಿತ್ತು. ವೈದ್ಯಕೀಯ ಸಂಶೋಧನೆಗೆ, ಪೋಲಿಯೊ ಲಸಿಕೆ ತಯಾರಿಗೆ ಮಾತ್ರ ಎಂಬ ಷರತ್ತಿನ ಮೇಲೆ. ಮೆಕ್‌ಗ್ರೀಲ್ ಓದಿದ್ದು ಅಮೆರಿಕದ ಸೇನೆಯ ವಿಕಿರಣ ಸಂಶೋಧನೆಯ ವರದಿಗಳನ್ನು. ಮಂಗಗಳಿಗೆ ಮಾರಕ ಪ್ರಮಾಣದ ವಿಕಿರಣ ಕೊಟ್ಟು, ಓಡುಪಟ್ಟಿಯ ಮೇಲೆ ಓಡಿಸಿ, ಎಷ್ಟು ಹೊತ್ತು ತಾಳುತ್ತವೆ ಎಂದು ಅಳೆದ ಲೆಕ್ಕ ಅಲ್ಲಿತ್ತು. ಅಣುಯುದ್ಧದಲ್ಲಿ ಸೈನಿಕ ಎಷ್ಟು ಹೊತ್ತು ಕಾದಾಡಬಲ್ಲ ಎಂದು ತಿಳಿಯುವ ಉದ್ದೇಶ. ಈ ಸಂಗತಿ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ತಲುಪಿತು. 1978ರ ಏಪ್ರಿಲ್‌ನಿಂದ ಭಾರತದ ಮಂಗಗಳ ರಫ್ತು ನಿಂತಿತು.

ಪೋಲಿಯೊ ಲಸಿಕೆಯ ಆರಂಭದ ದಿನಗಳಲ್ಲಿ ಮಂಗಗಳ ಮೂತ್ರಪಿಂಡದ ಜೀವಕೋಶಗಳು ಅನಿವಾರ್ಯವಾಗಿದ್ದವು ಎಂಬ ಸತ್ಯವೂ ಕಾರ್ಯಕರ್ತರ ಕಪಾಟಿನಲ್ಲಿ ಇರಲೇಬೇಕಾದ ಪುಟ. ಅದನ್ನು ಹರಿದೆಸೆದು ಮಾತಾಡುವವರು ಮೊದಲ ಚರ್ಚೆಯಲ್ಲೇ ಸೋಲುತ್ತಾರೆ.

ಸಿಂಗರ್ 1975ರಲ್ಲಿ ಪ್ರಕಟಿಸಿದ 'ಅನಿಮಲ್ ಲಿಬರೇಷನ್' ಪುಸ್ತಕವನ್ನು ಈ ಚಳವಳಿಯ ಬೈಬಲ್ ಎಂದು ಕರೆಯುವ ರೂಢಿ ಇದೆ. ತುಸು ಉತ್ಪ್ರೇಕ್ಷೆಯ ಮಾತು. ಪುಸ್ತಕದಲ್ಲಿ ತರ್ಕದ ಅಧ್ಯಾಯಗಳು ಕಡಿಮೆ. ನಡುವಿನ ಎರಡು ದೊಡ್ಡ ಅಧ್ಯಾಯಗಳಲ್ಲಿ ಒಂದು ಪ್ರಯೋಗಾಲಯಗಳ ಬಗ್ಗೆ, ಇನ್ನೊಂದು ಕೋಳಿ, ಹಂದಿ, ಕರುಗಳ ಕಾರ್ಖಾನೆ ಮಾದರಿಯ ಸಾಕಣೆಯ ಬಗ್ಗೆ. ಎರಡಕ್ಕೂ ಆಧಾರ ವಿಜ್ಞಾನಿಗಳೇ ಬರೆದ ಪ್ರಬಂಧಗಳು, ಕೋಳಿ ಮತ್ತು ಹಂದಿ ಸಾಕುವ ಉದ್ಯಮಿಗಳು ತಮ್ಮೊಳಗೆ ಓದಿಕೊಳ್ಳಲು ಅಚ್ಚು ಹಾಕಿಸುವ ಪತ್ರಿಕೆಗಳು. ಕರುಣಾಸಂಘಗಳ ಕರಪತ್ರಗಳನ್ನು ಆಧಾರವಾಗಿ ಇಟ್ಟಿದ್ದರೆ ಆ ಪುಸ್ತಕವನ್ನು ತಳ್ಳಿಹಾಕುವುದು ಸುಲಭವಿತ್ತು. ತಾವೇ ಬರೆದದ್ದನ್ನು ಸುಳ್ಳೆನ್ನುವುದು ಯಾರಿಗೂ ಕಷ್ಟ.

ಈ ದಾರಿಯನ್ನು ಸಿಂಗರ್‌ಗಿಂತ ಮೊದಲು ತುಳಿದವರು ರುತ್ ಹ್ಯಾರಿಸನ್. ಲಂಡನ್ನಿನವರು, ಕ್ವೇಕರ್ ಪಂಥದವರು, ನಾಟಕಶಾಲೆಯಲ್ಲಿ ಕಲಿತವರು, ಬೇಸಾಯದ ನಂಟೇ ಇಲ್ಲದವರು. ಯಾವುದೋ ಪ್ರಾಣಿದಯಾ ಸಂಘದವರು ಕರುಗಳನ್ನು ಕಟ್ಟಿಹಾಕಿ ಸಾಕುವುದರ ಬಗ್ಗೆ ಒಂದು ಕರಪತ್ರವನ್ನು ಮನೆಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು. ಅದನ್ನು ಓದಿ ಅವರು ಕೃಷಿ ಪತ್ರಿಕೆಗಳನ್ನು ಕೂಡಿಹಾಕತೊಡಗಿದರು, ತೋಟಗಳಿಗೆ ಹೋಗಿ ನೋಡಿದರು. 1964ರಲ್ಲಿ ಬಂದ ಅವರ 'ಅನಿಮಲ್ ಮಷೀನ್ಸ್' ಪುಸ್ತಕಕ್ಕೆ ಮುನ್ನುಡಿ ಬರೆದವರು 'ಸೈಲೆಂಟ್ ಸ್ಪ್ರಿಂಗ್' ಖ್ಯಾತಿಯ ರೇಚಲ್ ಕಾರ್ಸನ್. ಆ ವಸಂತದಲ್ಲೇ ಕಾರ್ಸನ್ ತೀರಿಕೊಂಡರು. ಪುಸ್ತಕದ ಗದ್ದಲಕ್ಕೆ ಬ್ರಿಟಿಷ್ ಸರ್ಕಾರ ಪ್ರೊಫೆಸರ್ ಬ್ರ್ಯಾಂಬೆಲ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. 1965ರ ಕೊನೆಗೆ ಬಂದ ಅದರ ವರದಿ ಕೇಳಿದ್ದು ಎಷ್ಟು ಕನಿಷ್ಠ ನೋಡಿ: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ಹಿಂದಕ್ಕೆ ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಲಿ ಎಂದಷ್ಟೇ.

ಇಲ್ಲಿಂದ ಒಂದು ದಾರಿ ನೇರ ಕರಾವಳಿ ಕರ್ನಾಟಕದ ಕೆಸರುಗದ್ದೆಗೆ ಬರುತ್ತದೆ. ಬ್ರ್ಯಾಂಬೆಲ್ ವರದಿಯ ಆ ಐದು ಬೇಡಿಕೆಗಳೇ ಬೆಳೆದು 1979ರ ಹೊತ್ತಿಗೆ 'ಐದು ಸ್ವಾತಂತ್ರ್ಯ'ಗಳಾದವು: ಹಸಿವು ಬಾಯಾರಿಕೆಯಿಂದ, ಅಸೌಖ್ಯದಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ, ಜೊತೆಗೆ ಸಹಜವಾಗಿ ವರ್ತಿಸುವ ಸ್ವಾತಂತ್ರ್ಯ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ಕೊಟ್ಟಾಗ ಈ ಐದನ್ನೂ ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಲಮುಗಳೊಳಗೆ ಓದಿಕೊಂಡಿತು. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ರಿಚರ್ಡ್ ರೈಡರ್ 1970ರಲ್ಲಿ ಒಂದು ಕರಪತ್ರಕ್ಕಾಗಿ ಹುಟ್ಟುಹಾಕಿದ 'ಸ್ಪೀಷಿಸಿಸಂ' ಎಂಬ ಮಾತೂ ಆ ತೀರ್ಪಿನಲ್ಲಿ ಕಾಣಿಸಿಕೊಂಡಿತು. ರೈಡರ್ ಸ್ವತಃ ಪ್ರಾಣಿ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ ಹೊರಬಂದವರು. ಕೋರ್ಟು ನೆಚ್ಚಿಕೊಂಡ ಸಾಕ್ಷ್ಯವೂ ಭಾವುಕತೆಯದ್ದಾಗಿರಲಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯ ವೀಕ್ಷಕರು ಜಲ್ಲಿಕಟ್ಟಿನ ಅಂಗಳದಲ್ಲಿ ನಿಂತು ಬರೆದುಕೊಂಡ ವರದಿಗಳು ಅವು.

ಮುಂದಿನದು ಕನ್ನಡ ಕೇಳುಗರಿಗೆ ಗೊತ್ತಿರುವ ಕತೆ. ಆ ತೀರ್ಪಿನಿಂದಾಗಿ ಕಂಬಳವೂ ಕಾನೂನಿನ ತೊಡಕಿಗೆ ಸಿಕ್ಕಿತು. ದಕ್ಷಿಣ ಕನ್ನಡ, ಉಡುಪಿಯ ಜನ ಬೀದಿಗಿಳಿದರು. 2017ರಲ್ಲಿ ಕರ್ನಾಟಕ ವಿಧಾನಮಂಡಲ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಇದನ್ನೂ ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕೋಣಗಳು ಓಡಿದವು. ಪ್ರಾಣಿಹಕ್ಕಿನ ಕಾರ್ಯಕರ್ತರು ಈಗ ಪಕ್ಕಪಕ್ಕ ಇಟ್ಟುಕೊಂಡು ಓದಬೇಕಾದ ಪುಸ್ತಕ ಎಂದರೆ ಈ ಎರಡು ತೀರ್ಪುಗಳು. ಒಂಬತ್ತು ವರ್ಷಗಳ ಅಂತರದಲ್ಲಿ ಅದೇ ನ್ಯಾಯಾಲಯ ಪ್ರಾಣಿಯನ್ನು ಹಕ್ಕುದಾರ ಎನ್ನುವ ಕಡೆಗೆ ಹೆಜ್ಜೆಯಿಟ್ಟು, ಆಮೇಲೆ ಅದು ಶಾಸನಸಭೆ ತೀರ್ಮಾನಿಸಬೇಕಾದ ವಿಷಯ ಎಂದು ಹಿಂದೆ ಸರಿದದ್ದು ಅಲ್ಲಿ ಕಾಣುತ್ತದೆ. ಕಂಬಳದ ಪರ ಇರುವವರೂ ಎರಡನ್ನೂ ಓದಿದರೆ ನಷ್ಟವಿಲ್ಲ. ಮನೆಮಗನ ಹಾಗೆ ಕೋಣ ಸಾಕುವ ಗುತ್ತಿನ ಮನೆಯವರ ಮಾತಿಗೂ, ಓಟದ ಕರೆಯಲ್ಲಿ ಬೀಸುವ ಬೆತ್ತಕ್ಕೂ ಎರಡರಲ್ಲಿಯೂ ಜಾಗ ಹುಡುಕಬಹುದು.

1960ರ ಆ ಕಾಯ್ದೆ ಬಂದದ್ದು ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಖಾಸಗಿ ಮಸೂದೆ ಮಂಡಿಸಿದ್ದರಿಂದ. ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ ಎಂದು ಅದರಲ್ಲಿ ಬರೆದಿತ್ತು. ಆರು ದಶಕ ದಾಟಿದರೂ ಆ 50 ಹಾಗೇ ಉಳಿದುಕೊಂಡು ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಬೇಸರದ ಓದಿಗೆ ಇನ್ನೊಂದು ಉದಾಹರಣೆ ಭಾರತೀಯ ಕಾನೂನು ಆಯೋಗದ 269ನೇ ವರದಿ. 2017ರ ಜುಲೈಯಲ್ಲಿ ಬಂದ ಇದು ಮೊಟ್ಟೆ ಕೋಳಿ, ಮಾಂಸದ ಕೋಳಿಗಳನ್ನು ಹೇಗೆ ಇಡಬೇಕು, ಹೇಗೆ ಸಾಗಿಸಬೇಕು ಎಂಬುದರ ಬಗ್ಗೆ. ಯಾವ ಪುಸ್ತಕದ ಅಂಗಡಿಯಲ್ಲೂ ಸಿಗದು, ಯಾವ ಸಾಹಿತ್ಯ ಸಮ್ಮೇಳನದಲ್ಲೂ ಚರ್ಚೆಯಾಗದು. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 85 ಕೋಟಿ ಕೋಳಿಬಾತುಗಳಿವೆ. ಬ್ಯಾಟರಿ ಕೇಜ್ ಎಂಬ ತಂತಿ ಪಂಜರದಲ್ಲಿ ಒಂದು ಕೋಳಿಯ ಪಾಲಿಗೆ ಬರುವ ಜಾಗ ಆಫೀಸಿನಲ್ಲಿ ಬಳಸುವ ಎ-4 ಹಾಳೆಗಿಂತ ಚಿಕ್ಕದು. ಯುರೋಪಿನ ಒಕ್ಕೂಟ ಇಂಥ ಪಂಜರಗಳನ್ನು ತೆಗೆಯಲು 1999ರಲ್ಲಿ ನಿರ್ಧರಿಸಿ 2012ರ ಜನವರಿಯಿಂದ ನಿಷೇಧಿಸಿತು. ರುತ್ ಹ್ಯಾರಿಸನ್ ಅವರ ಪುಸ್ತಕಕ್ಕೂ ಆ ದಿನಕ್ಕೂ ನಡುವೆ ನಲವತ್ತೆಂಟು ವರ್ಷ.

ಹಾಗಾದರೆ ಕತೆ, ಕಾದಂಬರಿಗಳಿಂದ ಏನೂ ಆಗಿಲ್ಲವೇ? ಆಗಿದೆ, ಧಾರಾಳವಾಗಿ ಆಗಿದೆ. 1877ರಲ್ಲಿ ಬಂದ 'ಬ್ಲ್ಯಾಕ್ ಬ್ಯೂಟಿ' ಇದಕ್ಕೆ ಸಾಕ್ಷಿ. ಬರೆದ ಆ್ಯನಾ ಸ್ಯೂಯಲ್ ಹುಡುಗಿಯಾಗಿದ್ದಾಗ ಜಾರಿಬಿದ್ದು ಕಾಲು ಊನವಾಗಿ, ಜೀವನವಿಡೀ ಕುದುರೆಗಾಡಿಯನ್ನೇ ನೆಚ್ಚಿದವರು. ಪುಸ್ತಕ ಅಚ್ಚಾದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಕುದುರೆಯೇ ತನ್ನ ಬಾಳನ್ನು ಹೇಳಿಕೊಳ್ಳುವ ಈ ಪುಸ್ತಕ ಇಂದು ಮಕ್ಕಳ ಕಪಾಟಿಗೆ ಸರಿದಿದೆ. ಸ್ಯೂಯಲ್ ಮನಸ್ಸಿನಲ್ಲಿ ಇದ್ದವರು ಮಕ್ಕಳಲ್ಲ, ಲಾಯದ ಆಳುಗಳು, ಗಾಡಿ ಹೊಡೆಯುವವರು. ಕುದುರೆಯ ತಲೆ ಸೆಟೆದು ನಿಲ್ಲುವಂತೆ ಬಿಗಿಯುವ ಲಗಾಮಿನ ನೋವು ಎಂಥದ್ದು ಎಂದು ಅವರಿಗೆ ತಿಳಿಸಬೇಕಿತ್ತು. 1890ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಪ್ರಾಣಿದಯಾ ಸಂಘದ ಜಾರ್ಜ್ ಏಂಜೆಲ್ ಅಗ್ಗದ ಪ್ರತಿಗಳನ್ನು ಅಚ್ಚು ಹಾಕಿಸಿ ಅಂಥವರಿಗೇ ಹಂಚಿದರು. ಎಂದರೆ, ಇಲ್ಲಿಯೂ ಓದಬೇಕಾದವನು ಚಾವಟಿ ಹಿಡಿದವನೇ.

ಪ್ರಾಣಿ ತಾನೇ ಮಾತಾಡುವ ಕತೆ ಕನ್ನಡಿಗರಿಗೆ ಹೊಸದಲ್ಲ. ಪುಣ್ಯಕೋಟಿಯ ಹಾಡು ಕೇಳದೆ ಬೆಳೆದ ಮಗು ಈ ನಾಡಿನಲ್ಲಿ ವಿರಳ. ಅದರಲ್ಲಿ ಎಲ್ಲರೂ ಹಸುವಿನ ಸತ್ಯಕ್ಕೆ ಕಣ್ಣೀರಿಡುತ್ತಾರೆ. ಹಸಿದಿದ್ದರೂ ಅದನ್ನು ತಿನ್ನದೆ ಪ್ರಾಣಬಿಟ್ಟ ಹುಲಿಯ ಪಾಡನ್ನು ಕೇಳುವವರಿಲ್ಲ. ಹುಲಿ ಹಸು ತಿನ್ನುವುದು ತಪ್ಪೇ, ತಪ್ಪಾದರೆ ತಡೆಯಬೇಕೇ ಎಂಬುದು ಇವತ್ತು ಪ್ರಾಣಿಹಕ್ಕಿನ ತತ್ತ್ವಶಾಸ್ತ್ರಜ್ಞರು ಗಂಭೀರವಾಗಿ ಜಗಳವಾಡುವ ವಿಷಯ. ನಮ್ಮ ಗೊಲ್ಲಗೌಡನ ದೊಡ್ಡಿಯ ಪಕ್ಕದ ಕಾಡಿನಲ್ಲಿ ಆ ಜಗಳ ಎಂದೋ ಎದ್ದಿತ್ತು.

ಪುಸ್ತಕ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಬಗೆಯೂ ಸೋಜಿಗದ್ದು. ಬ್ಯಾರಿಸ್ಟರ್ ಓದಿಗೆಂದು ಲಂಡನ್ನಿಗೆ ಹೋದ ಗಾಂಧಿ ಹಸಿದ ಹೊಟ್ಟೆಯಲ್ಲಿ ಅಲೆದು ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದನ್ನು ಕಂಡರು. ಅಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು, ಆಮೇಲೆ ಊಟಕ್ಕೆ ಕೂತರು. ಅಲ್ಲಿಯವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಬಿಟ್ಟಿದ್ದವರು ಅಂದಿನಿಂದ ಮನಸೊಪ್ಪಿ ಬಿಟ್ಟರು. ಇದೇ ಸಾಲ್ಟ್ 1892ರಲ್ಲಿ 'ಅನಿಮಲ್ಸ್ ರೈಟ್ಸ್' ಎಂಬ ಹೆಸರಿನಲ್ಲೇ ಪುಸ್ತಕ ಬರೆದವರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧಿ ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಮಾತಾಡಿದಾಗ ಮುದುಕ ಸಾಲ್ಟ್ ಪಕ್ಕದಲ್ಲೇ ಕೂತಿದ್ದರು. ಮುಂದೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಹಿಂಸೆಯ ಬಗ್ಗೆ ಬರೆಯಲೆಂದು ಟಾಮ್ ರೀಗನ್ ಎಂಬ ಅಮೆರಿಕದ ಪ್ರಾಧ್ಯಾಪಕ ಗಾಂಧಿಯನ್ನು ಓದಿದರು. ವಿದ್ಯಾರ್ಥಿಯಾಗಿದ್ದಾಗ ಮಾಂಸದಂಗಡಿಯಲ್ಲಿ ಕತ್ತಿ ಹಿಡಿದು ದುಡಿದಿದ್ದ ಅದೇ ರೀಗನ್ 1983ರಲ್ಲಿ 'ದ ಕೇಸ್ ಫಾರ್ ಅನಿಮಲ್ ರೈಟ್ಸ್' ಬರೆದರು. ಪ್ರಾಣಿಗೆ ಕರುಣೆ ತೋರಿದರೆ ಸಾಲದು, ಅದಕ್ಕೆ ತನ್ನದೇ ಬಾಳಿನ ಮೇಲೆ ಹಕ್ಕಿದೆ ಎಂದು ತತ್ತ್ವಶಾಸ್ತ್ರದ ಕಟ್ಟುನಿಟ್ಟಿನಲ್ಲಿ ವಾದಿಸಿದ ದೊಡ್ಡ ಗ್ರಂಥ ಅದು.

ಇನ್ನು ನೋಟದ ಮಾತು. 2005ರ 'ಅರ್ಥ್‌ಲಿಂಗ್ಸ್' ಸಾಕ್ಷ್ಯಚಿತ್ರ, ಗುಟ್ಟಾಗಿ ತೆಗೆದ ದೃಶ್ಯಗಳನ್ನು ಹೊಲಿದು ಮಾಡಿದ್ದು, ಅದನ್ನು ನೋಡಿ ಮಾಂಸ ಬಿಟ್ಟವರು ಎಷ್ಟೋ ಮಂದಿ. ನೋಡಲಾಗದೆ ಎದ್ದು ಹೋದವರೂ ಕಡಿಮೆಯಿಲ್ಲ. ರಕ್ತ ತೋರಿಸಿ ಮನಸ್ಸು ತಿರುಗಿಸುವ ಉಪಾಯಕ್ಕೆ ಒಂದು ಮಿತಿ ಇದೆ, ನೋಡುವವರು ಕಣ್ಣು ಮುಚ್ಚಿದರೆ ಅಲ್ಲಿಗೆ ಮುಗಿಯಿತು.

'ಬ್ಲ್ಯಾಕ್‌ಫಿಶ್' ಸಾಕ್ಷ್ಯಚಿತ್ರ ಬೇರೆ ಜಾತಿಯದು. 1983ರಲ್ಲಿ ಐಸ್‌ಲೆಂಡಿನ ಹತ್ತಿರ ಮರಿಯಾಗಿದ್ದಾಗಲೇ ಸೆರೆಸಿಕ್ಕ ಟಿಲಿಕಮ್ ಎಂಬ ಗಂಡು ಆರ್ಕಾ ತಿಮಿಂಗಿಲದ ಕತೆ. ಕೆನಡಾದಲ್ಲಿ, ಆಮೇಲೆ ಫ್ಲಾರಿಡಾದ ಸೀವರ್ಲ್ಡ್‌ನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೊಳದಲ್ಲಿ ಆಟ ತೋರಿಸುತ್ತ ಬದುಕಿದ ಅದು ಮೂವರ ಸಾವಿಗೆ ಕಾರಣವಾಯಿತು. 2010ರ ಫೆಬ್ರವರಿಯಲ್ಲಿ ಅನುಭವಿ ತರಬೇತುಗಾರ್ತಿಯೊಬ್ಬರು ಪ್ರೇಕ್ಷಕರು ಇನ್ನೂ ಎದ್ದುಹೋಗುವ ಮೊದಲೇ ಅದರ ಬಾಯಿಗೆ ಸಿಕ್ಕು ಸತ್ತರು. ಕಾರ್ಮಿಕ ಸುರಕ್ಷತೆಯ ಸರ್ಕಾರಿ ಇಲಾಖೆ ಸೀವರ್ಲ್ಡ್‌ಗೆ ದಂಡ ಹಾಕಿತು, ವಿಷಯ ವಿಚಾರಣೆಗೆ ಹೋಯಿತು. ಅದು ನಡೆದದ್ದು ಕಾರ್ಮಿಕರ ಹಿತಕ್ಕಾಗಿ, ಪ್ರಾಣಿಗಾಗಿ ಅಲ್ಲ. ಆದರೆ ವಿಚಾರಣೆಯಲ್ಲಿ ಕಡತಗಳು ಹೊರಬಂದವು, ಒಳಗಿನವರು ಪ್ರಮಾಣ ಮಾಡಿ ಮಾತಾಡಿದರು. ನಿರ್ದೇಶಕಿ ಗೇಬ್ರಿಯೆಲಾ ಕೌಪರ್ತ್‌ವೈಟ್ ಆ ದಾಖಲೆಗಳನ್ನೂ ಮಾಜಿ ತರಬೇತುಗಾರರ ನೆನಪುಗಳನ್ನೂ ಕೂಡಿಸಿ 2013ರಲ್ಲಿ ಚಿತ್ರ ಮಾಡಿದರು. ಟಿಲಿಕಮ್‌ನನ್ನು ರಾಕ್ಷಸನನ್ನಾಗಿಯೂ ಮಾಡದೆ ಸಂತನನ್ನಾಗಿಯೂ ಮಾಡದೆ ತೋರಿಸಿದ್ದು ಅದರ ಬಲ. 2016ರ ಮಾರ್ಚಿನಲ್ಲಿ ಸೀವರ್ಲ್ಡ್ ಆರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮರುವರ್ಷದ ಜನವರಿಯಲ್ಲಿ ಟಿಲಿಕಮ್ ಸತ್ತಿತು. ಭಾರತ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿತ್ತು. ದೆಹಲಿ, ಮುಂಬೈ, ಕೊಚ್ಚಿಗಳಲ್ಲಿ ಡಾಲ್ಫಿನ್ ಪ್ರದರ್ಶನದ ಕೊಳ ಕಟ್ಟುವ ಮಾತು ಕೇಳಿಬಂದಾಗ ಕೇಂದ್ರ ಸರ್ಕಾರ 2013ರ ಮೇ ತಿಂಗಳಲ್ಲೇ ಬಾಗಿಲು ಹಾಕಿತು.

ಸಣ್ಣದೊಂದು ವಿಡಿಯೊ ಒಂದು ಆನೆಯನ್ನು ಕರ್ನಾಟಕಕ್ಕೆ ತಂದದ್ದೂ ಉಂಟು. ಕೊಲ್ಹಾಪುರದ ಹತ್ತಿರದ ಜ್ಯೋತಿಬಾ ದೇವಸ್ಥಾನಕ್ಕೆ ಕೊಟ್ಟಿದ್ದ ಸುಂದರ್ ಎಂಬ ಆನೆಯನ್ನು ಕೊಟ್ಟಿಗೆಯಲ್ಲಿ ಸರಪಳಿ ಬಿಗಿದು ಬಡಿಯುತ್ತಿದ್ದದ್ದು ಹೊರಬಿತ್ತು. ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ಕೂಡ ಪತ್ರ ಬರೆದರು. ಬಾಂಬೆ ಹೈಕೋರ್ಟಿನ ಆದೇಶದ ಮೇಲೆ 2014ರ ಜೂನ್‌ನಲ್ಲಿ ಸುಂದರ್ ಬನ್ನೇರುಘಟ್ಟಕ್ಕೆ ಬಂದಿತು.

ಈಚಿನ ಚಿತ್ರಗಳಲ್ಲಿ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' ದೆಹಲಿಯ ಹೊಗೆಯಲ್ಲಿ ರೆಕ್ಕೆ ಮುರಿದು ಬೀಳುವ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲಿ ಆರೈಕೆ ಮಾಡುವ ಸೋದರರ ಕತೆ. ಘೋಷಣೆ ಇಲ್ಲದ್ದರಿಂದಲೇ ಅದು ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಬಾನುಲಿಯಲ್ಲಿ ಕೂತು ಒಂದೇ ಒಂದು ಚಿತ್ರವನ್ನು ಹೊಗಳಬೇಕೆಂದರೆ ಅದು ವಿಕ್ತರ್ ಕೊಸಕೊವ್‌ಸ್ಕಿಯ 'ಗುಂಡ'. 2020ರದು, ಕಪ್ಪುಬಿಳುಪು. ಗುಂಡ ಎಂಬುದು ನಾರ್ವೆಯ ತೋಟವೊಂದರ ಹೆಣ್ಣು ಹಂದಿಯ ಹೆಸರು. ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ಮನುಷ್ಯರ ಮಾತಿಲ್ಲ, ಸಂಗೀತವಿಲ್ಲ, ಹಿನ್ನೆಲೆ ವಿವರಣೆಯಿಲ್ಲ. ಹುಲ್ಲಿನ ಸರಸರ, ಮರಿಗಳ ಕಿರುಚು, ತಾಯಿಯ ಗೊರಗೊರ. ಕೊನೆಗೆ ಟ್ರ್ಯಾಕ್ಟರ್ ಬಂದು ಮರಿಗಳನ್ನು ಒಯ್ಯುತ್ತದೆ. ಆಮೇಲೆ ಆ ತಾಯಿ ಅತ್ತಿಂದಿತ್ತ ಓಡಾಡುತ್ತ ಹುಡುಕುವುದನ್ನು ಕ್ಯಾಮೆರಾ ಬಹಳ ಹೊತ್ತು ನೋಡುತ್ತದೆ. ಒಂದು ತೊಟ್ಟು ರಕ್ತವಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರೂ ಈ ಚಿತ್ರ ಅರ್ಥವಾಗುತ್ತದೆ ಎಂಬುದು ಸಣ್ಣ ಮಾತಲ್ಲ.

ಕಿವಿಯ ದಾರಿಯಲ್ಲಿ ಬಂದ ಗೆಲುವುಗಳಲ್ಲಿ ಅತಿ ದೊಡ್ಡದು ಬರ್ಮುಡಾದ ಸಮುದ್ರದ್ದು. ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಫ್ರ್ಯಾಂಕ್ ವಾಟ್ಲಿಂಗ್‌ಟನ್ ನೀರಿನಾಳಕ್ಕೆ ಮೈಕ್ ಇಳಿಬಿಟ್ಟು ಕೂತಿದ್ದು ನೌಕಾಪಡೆಗೆ ಬೇಕಾದ ಸದ್ದುಗಳನ್ನು ಹಿಡಿಯಲು. ಟೇಪಿನಲ್ಲಿ ಬಂದದ್ದು ನರಳಿದಂತೆ, ಊದಿದಂತೆ, ಬಾಗಿಲು ಕಿರುಗುಟ್ಟಿದಂತೆ ಏನೋ. ಅದು ಹಂಪ್‌ಬ್ಯಾಕ್ ತಿಮಿಂಗಿಲಗಳ ದನಿ ಎಂದು ತಿಳಿದ ಮೇಲೆ ಆತ ಟೇಪುಗಳನ್ನು ಗುಟ್ಟಾಗಿ ಇಟ್ಟುಕೊಂಡ. ತಿಮಿಂಗಿಲ ಬೇಟೆಗಾರರಿಗೆ ಗೊತ್ತಾದರೆ ಈ ದನಿಯ ಜಾಡು ಹಿಡಿದೇ ಅವನ್ನು ಕೊಲ್ಲುತ್ತಾರೆ ಎಂಬ ಭಯ. 1967ರಲ್ಲಿ ರೋಜರ್ ಪೇನ್ ಮತ್ತು ಕೇಟಿ ಪೇನ್ ದಂಪತಿಗೆ ಅವನ್ನು ಕೇಳಿಸಿದ. ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ತಂಡದವರು ದನಿಯನ್ನು ಕಾಗದದ ಮೇಲೆ ಗೆರೆಗಳಾಗಿ ಇಳಿಸಿ ನೋಡಿದಾಗ ತಿಳಿದದ್ದು, ಇದು ಬರಿಯ ಕೂಗಾಟವಲ್ಲ, ಅದೇ ಸಾಲುಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೆ ಸಾಗುವ ಹಾಡು. 1971ರಲ್ಲಿ 'ಸೈನ್ಸ್' ಪತ್ರಿಕೆ ಅವರ ಪ್ರಬಂಧವನ್ನು ಪ್ರಕಟಿಸಿತು.

ಅದಕ್ಕೂ ಮೊದಲೇ, 1970ರಲ್ಲಿ, ರೋಜರ್ ಪೇನ್ ಆ ಹಾಡುಗಳ ಗ್ರಾಮಫೋನ್ ತಟ್ಟೆಯನ್ನು ಹೊರತಂದಿದ್ದರು. ಲಕ್ಷಕ್ಕೂ ಮೀರಿ ಮಾರಾಟವಾಯಿತು. 1979ರ ಜನವರಿಯಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ತನ್ನ ಸಂಚಿಕೆಯೊಳಗೆ ತೆಳು ಪ್ಲಾಸ್ಟಿಕ್ ತಟ್ಟೆಯೊಂದನ್ನು ಇ‌ಟ್ಟು 1 ಕೋಟಿ 5 ಲಕ್ಷ ಮನೆಗಳಿಗೆ ತಿಮಿಂಗಿಲದ ಹಾಡು ಮುಟ್ಟಿಸಿತು. ಅಷ್ಟರಲ್ಲಿ, 1977ರಲ್ಲಿ, ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯ ಜೊತೆ ಅದೇ ಹಾಡೂ ಬಾಹ್ಯಾಕಾಶಕ್ಕೆ ಹೊರಟಿತ್ತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕಲು ಮತ ಹಾಕಿತು. ಹಾಡೊಂದೇ ಇದನ್ನು ಮಾಡಿತು ಎನ್ನಲಾಗದು. ಹಡಗುಗಳಿಗೆ ಅಡ್ಡ ದೋಣಿ ಒಡ್ಡಿದವರಿದ್ದರು, ತಿಮಿಂಗಿಲಗಳ ಸಂಖ್ಯೆ ಕುಸಿದು ಬೇಟೆಯ ವ್ಯಾಪಾರವೂ ಸೊರಗಿತ್ತು. ಆದರೆ ಎಣ್ಣೆ, ಮಾಂಸಗಳ ಲೆಕ್ಕದಲ್ಲಿದ್ದ ಪ್ರಾಣಿ ಜನರ ಕಿವಿಯಲ್ಲಿ ಹಾಡುಗಾರನಾಗಿ ಬದಲಾದದ್ದು ಆ ತಟ್ಟೆಯಿಂದ.

ಕೇಟಿ ಪೇನ್ ಮುಂದೆ ಆನೆಗಳ ಕಡೆ ತಿರುಗಿದರು. 1984ರಲ್ಲಿ ಪೋರ್ಟ್‌ಲ್ಯಾಂಡಿನ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿ ಮಿಡಿಯುತ್ತಿರುವಂತೆ ಅವರಿಗೆ ಅನಿಸಿತು. ಬಾಲ್ಯದಲ್ಲಿ ಚರ್ಚಿನ ಆರ್ಗನ್ ವಾದ್ಯದ ಅತಿ ತಗ್ಗಿನ ಸ್ವರ ಎದೆಗೆ ತಾಗಿದ್ದ ಅನುಭವ ನೆನಪಾಯಿತು. ಯಂತ್ರವಿಟ್ಟು ಪರೀಕ್ಷಿಸಿದಾಗ ಮನುಷ್ಯನ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತಿದ್ದವು. ನಾಗರಹೊಳೆ, ಬಂಡೀಪುರಗಳ ಆನೆಗಳೂ ಅದೇ ಜಾತಿಯವು. ಇಲಿಗಳದು ಇದಕ್ಕೆ ತದ್ವಿರುದ್ಧ, ಅವು ನಮ್ಮ ಕಿವಿಯ ಮೇಲಿನ ಅಂಚನ್ನು ದಾಟಿ ಚಿಲಿಪಿಲಿಗುಟ್ಟುತ್ತವೆ. 1990ರ ದಶಕದಲ್ಲಿ ಯಾಕ್ ಪ್ಯಾಂಕ್‌ಸೆಪ್ ಎಂಬ ನರವಿಜ್ಞಾನಿ ಇಲಿಗಳಿಗೆ ಕಚಗುಳಿ ಇಟ್ಟು ಈ ದನಿಯನ್ನು ದಾಖಲಿಸಿ, ಇದು ನಗುವಿನ ಪೂರ್ವಜ ಎಂದರು. ಪ್ಯಾಂಕ್‌ಸೆಪ್ ಕಾರ್ಯಕರ್ತರಲ್ಲ, ಇಲಿಗಳ ಮೇಲೆ ಪ್ರಯೋಗ ಮಾಡಿಯೇ ಹೆಸರಾದವರು. ಪ್ರಯೋಗಕ್ಕೆಂದೇ ಬೆಳೆಸಿದ ಇಲಿಗಳನ್ನು ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ ಇಂದಿಗೂ 'ಪ್ರಾಣಿ' ಎಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2022ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು 411 ಹಂದಿಗಳ 7,414 ಕೂಗುಗಳನ್ನು ಕೂಡಿಹಾಕಿ ಪ್ರಬಂಧ ಪ್ರಕಟಿಸಿತು. ಮೊಲೆಯುಣ್ಣುವ ಮರಿಯ ದನಿಯಿಂದ ಹಿಡಿದು ಕಸಾಯಿಖಾನೆಯಲ್ಲಿ ಕಾಯುವ ಹಂದಿಯ ಚೀತ್ಕಾರದವರೆಗೆ ಎಲ್ಲವೂ ಅದರಲ್ಲಿವೆ. ನೆಮ್ಮದಿಯ ದನಿ ಗಿಡ್ಡ, ಸಂಕಟದ ದನಿ ಉದ್ದ. ಕಂಪ್ಯೂಟರು ಇವೆರಡನ್ನೂ ನೂರಕ್ಕೆ 92 ಸಲ ಸರಿಯಾಗಿ ಬೇರ್ಪಡಿಸಿತು. ಕೊಟ್ಟಿಗೆಯಲ್ಲಿ ಮೈಕ್ ಇಟ್ಟು ಹಂದಿಗಳು ಹೇಗಿವೆ ಎಂದು ಹಗಲಿರುಳು ಗಮನಿಸುವ ಉಪಕರಣ ಮಾಡಬಹುದು ಎಂಬುದು ಅವರ ಆಸೆ. ಅದು ತಯಾರಾದ ದಿನ ಕೊಳ್ಳುವವರು ದೊಡ್ಡ ದೊಡ್ಡ ಹಂದಿ ಸಾಕಣೆದಾರರೇ. ಆಗ ಯಾವ ಕೊಟ್ಟಿಗೆಯಲ್ಲಿ, ಯಾವ ರಾತ್ರಿ, ಎಷ್ಟು ಸಲ ಉದ್ದ ಕೂಗು ಎದ್ದಿತು ಎಂಬ ಲೆಕ್ಕ ಸಾಕಿದವರ ಕಂಪ್ಯೂಟರಿನಲ್ಲೇ ಕೂಡುತ್ತ ಹೋಗುತ್ತದೆ. ಸ್ಪೈರಾ 1998ರಲ್ಲಿ ತೀರಿಕೊಂಡರು. ಇದ್ದಿದ್ದರೆ ಅವರ ಮೊದಲ ಅರ್ಜಿ ಆ ಲೆಕ್ಕದ ಪ್ರತಿ ಕೋರಿ ಹೋಗುತ್ತಿತ್ತು.